ತೆರೆದ ಬಾಗಿಲ ಪ್ರಾರ್ಥನೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಆ ಹೆಸರು ಗೊತ್ತು. ಹೊಂದಿಸಿ ಬರೆಯಿರಿ ಪ್ರಶ್ನೆಯಲ್ಲಿ ಎಡಕ್ಕೆ ಶಾರದಾ ಸದನ, ಬಲಕ್ಕೆ ಪಂಡಿತಾ ರಮಾಬಾಯಿ. ಸರಿಯಾದ ಜೋಡಿ ಆರಿಸಿದರೆ ಒಂದು ಅಂಕ. ನಾನೂ ಎರಡು ವರ್ಷ ಹಾಗೆಯೇ ಜೋಡಿ ಆರಿಸಿದ್ದೇನೆ. ಕಳೆದ ಸಲ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲದ ದಿನ ಗ್ರಂಥಾಲಯದಲ್ಲಿ ಗೈಡ್ ಮುಚ್ಚಿಟ್ಟು, ಬೇಸರ ಕಳೆಯಲೆಂದು ಆಕೆಯ ಜೀವನ ಚರಿತ್ರೆಯನ್ನು ಕೈಗೆತ್ತಿಕೊಂಡೆ. ಸಂಜೆ ದೀಪ ಆರಿಸುವವರೆಗೂ ಏಳಲಿಲ್ಲ. ಒಂದು ಅಂಕದ ಉತ್ತರದ ಹಿಂದೆ ಇಷ್ಟು ದೊಡ್ಡ ಬದುಕು ಇದೆಯೆಂದು ಯಾವ ಗೈಡೂ ನನಗೆ ಹೇಳಿರಲಿಲ್ಲ.

ಆ ಬದುಕಿನ ಒಂದು ಸಣ್ಣ ಘಟನೆ ಮೊದಲು ಹೇಳಬೇಕು. 1878ರಲ್ಲಿ, ಇಪ್ಪತ್ತರ ಹರೆಯದ ರಮಾಬಾಯಿ ತಮ್ಮ ಅಣ್ಣ ಶ್ರೀನಿವಾಸನ ಜೊತೆ ಕಲ್ಕತ್ತೆಯಲ್ಲಿದ್ದರು. ಕ್ರೈಸ್ತರ ಒಂದು ಕೂಟಕ್ಕೆ ಅವರಿಗೆ ಆಹ್ವಾನ ಬಂತು. ಅಲ್ಲಿ ಹಾಡಾಯಿತು, ಒಂದು ಅಧ್ಯಾಯದ ಓದಾಯಿತು. ಆಮೇಲೆ ಎಲ್ಲರೂ ಎದ್ದು ತಿರುಗಿ, ತಾವು ಕುಳಿತಿದ್ದ ಕುರ್ಚಿಗಳ ಮುಂದೆಯೇ ಮಂಡಿಯೂರಿ ಕಣ್ಣು ಮುಚ್ಚಿಕೊಂಡರು. ಎದುರಿಗೆ ವಿಗ್ರಹವಿಲ್ಲ, ದೀಪವಿಲ್ಲ, ಹೂವಿಲ್ಲ. ಇವರು ಕುರ್ಚಿಗೇ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡರು ಅಣ್ಣ ತಂಗಿ. ಹೊರಡುವಾಗ ಅವರ ಕೈಗೆ ಸಂಸ್ಕೃತ ಬೈಬಲಿನ ಪ್ರತಿಯೊಂದು ಬಂತು. ಅದು ಆಗ ಅವರಿಗೆ ರುಚಿಸಲಿಲ್ಲ. ಕುರ್ಚಿಯ ಮುಂದೆ ಮಂಡಿಯೂರಿದ್ದನ್ನು ಕಂಡು ಬೆರಗಾದ ಈ ಹುಡುಗಿ, ಮುಂದೆ ಅಂಥ ಪ್ರಾರ್ಥನೆಯನ್ನೇ ಬೆನ್ನೆಲುಬು ಮಾಡಿಕೊಂಡು ಸಾವಿರಕ್ಕೂ ಹೆಚ್ಚು ಅನಾಥರಿಗೆ ಮನೆ ಕಟ್ಟಿದರು.

ರಮಾಬಾಯಿ ನಮ್ಮ ನೆಲದಲ್ಲೇ ಹುಟ್ಟಿದವರು. 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಎಂಬ ಕಾರಣಕ್ಕೆ ಊರಿನವರ ವಿರೋಧ ಕಟ್ಟಿಕೊಂಡು, ಉಡುಪಿಯ ವಿದ್ವತ್ ಸಭೆಯೆದುರು ನಿಂತು ತಮ್ಮ ನಿಲುವನ್ನು ಶಾಸ್ತ್ರದ ಆಧಾರದಿಂದಲೇ ಸಮರ್ಥಿಸಿಕೊಂಡವರು. ಆ ಕಾಡಿನ ಮನೆ ಹೆಚ್ಚು ಕಾಲ ಉಳಿಯಲಿಲ್ಲ. ರಮಾ ಇನ್ನೂ ಆರು ತಿಂಗಳ ಕೂಸಾಗಿದ್ದಾಗಲೇ ಕುಟುಂಬ ಯಾತ್ರೆ ಹೊರಟಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಜಗಲಿಯಲ್ಲಿ ಪುರಾಣ ಹೇಳುವುದು, ಕೇಳಿದವರು ಕೊಟ್ಟದ್ದರಲ್ಲಿ ಊಟ ಮಾಡುವುದು. ತಾಯಿ ಲಕ್ಷ್ಮೀಬಾಯಿ ಬೆಳಗಿನ ಜಾವ ಮಗಳನ್ನು ಎಬ್ಬಿಸಿ, ಮನೆಗೆಲಸಕ್ಕೆ ಕೈ ಹಾಕುವ ಮೊದಲೇ ಶ್ಲೋಕ ಕಲಿಸುತ್ತಿದ್ದರು. ಬಾಲ್ಯದಲ್ಲೇ ಭಾಗವತದ ಸಾವಿರಾರು ಶ್ಲೋಕಗಳು ಮಗಳ ಬಾಯಿಗೆ ಬಂದಿದ್ದವು. ಅಲೆದಾಟದಲ್ಲಿ ಮರಾಠಿಯ ಜೊತೆಗೆ ಕನ್ನಡ, ಹಿಂದಿ, ಬಂಗಾಳಿಗಳೂ ಬಂದವು.

ನಂತರ ಬಂದದ್ದು ಹಸಿವು. ಮದ್ರಾಸ್ ಪ್ರಾಂತ್ಯದ ಬರಗಾಲದಲ್ಲಿ ಕೈಯಲ್ಲಿದ್ದ ಪಾತ್ರೆ, ಬಟ್ಟೆ ಎಲ್ಲ ಮಾರಿಯಾಯಿತು. ವ್ರತ, ಜಪ, ದಾನ ಎಲ್ಲವನ್ನೂ ನಿಷ್ಠೆಯಿಂದ ಮಾಡಿಕೊಂಡು ಬಂದ ಮನೆ ಅದು. ಕೊನೆಗೆ ಕಾಡಿನ ಎಲೆ ತಿಂದು, ನೀರು ಕುಡಿದು ದಿನ ದೂಡುವ ಸ್ಥಿತಿ ಬಂತು. ಕಣ್ಣು ಕಾಣದ ವೃದ್ಧ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ, ಆಮೇಲೆ ಅಕ್ಕ. ತಂದೆ ತಾಯಿ ಹೋದಾಗ ರಮಾಬಾಯಿಗೆ ಹದಿನಾರು ವರ್ಷ.

ಅಣ್ಣ ತಂಗಿ ನಡೆಯುತ್ತಲೇ ಉತ್ತರ ಭಾರತ ತಲುಪಿದರು. ಚಳಿಗಾಲದಲ್ಲಿ ಹೊದೆಯಲು ಏನೂ ಇಲ್ಲದೆ, ನದಿ ದಡದಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಮೇಲೆಲ್ಲ ಮರಳು ಎಳೆದುಕೊಂಡು ಮಲಗಿದ್ದೂ ಉಂಟು. ಇಷ್ಟು ಅನುಭವಿಸಿದ ಮೇಲೆ ಹುಟ್ಟಿನಿಂದ ಬಂದ ನಂಬಿಕೆ ಅವರಲ್ಲಿ ಸಡಿಲವಾಯಿತು. ಕಲ್ಕತ್ತೆಯ ಪಂಡಿತರು ಪರೀಕ್ಷಿಸಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟಾಗ ಹೊರಗೆ ಚಪ್ಪಾಳೆ ಬಿತ್ತು; ಒಳಗೆ ಯಾವ ದೇವರನ್ನು ಕರೆಯಬೇಕೆಂದು ತಿಳಿಯದ ಖಾಲಿತನವಿತ್ತು.

ದುಃಖ ಅಲ್ಲಿಗೂ ನಿಲ್ಲಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಜಾತಿ ಮೀರಿ, ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ಮದುವೆಯಾದರು. ಎರಡು ವರ್ಷವೂ ತುಂಬುವ ಮೊದಲು, 1882ರಲ್ಲಿ, ಕಾಲರಾ ಗಂಡನನ್ನು ಕೊಂಡೊಯ್ದಿತು. ಕೈಯಲ್ಲಿ ವರ್ಷ ತುಂಬದ ಮಗಳು ಮನೋರಮಾ. ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆಯೊಂದು ಅವರಿಗೆ ಸಿಕ್ಕಿತ್ತು. ಕಲ್ಕತ್ತೆಯಲ್ಲಿ ರುಚಿಸದ ಮಾತು ಈಗ ಆಸಕ್ತಿಯಿಂದ ಓದಿಸಿಕೊಂಡಿತು.

ಇಪ್ಪತ್ನಾಲ್ಕರ ವಿಧವೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ಹೇಳಿದರು. 1883ರಲ್ಲಿ ವೈದ್ಯಕೀಯ ಓದಲು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದರಿಂದ ಆ ಆಸೆ ಮುರಿಯಿತು. ಆದರೆ ವಾಂಟೇಜ್ ಊರಿನ ಕ್ರೈಸ್ತ ಸನ್ಯಾಸಿನಿಯರ ಆಶ್ರಯದಲ್ಲಿದ್ದಾಗ ಕಂಡ ಒಂದು ದೃಶ್ಯ ಅವರ ದಾರಿ ಬದಲಿಸಿತು. ಲಂಡನ್ನಿನ ಫುಲ್ಹಾಮ್‌ನಲ್ಲಿ ಆ ಸನ್ಯಾಸಿನಿಯರು, ಸಮಾಜ ಕೆಟ್ಟವರೆಂದು ಹೊರಗಟ್ಟಿದ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಎಲ್ಲರೂ ದೂರವಿಟ್ಟವರನ್ನು ಇವರು ಒಡಹುಟ್ಟಿದವರಂತೆ ನೋಡಿಕೊಳ್ಳುವುದೇಕೆ ಎಂದು ರಮಾಬಾಯಿ ಕೇಳಿದರು. ಉತ್ತರವಾಗಿ ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಕತೆ ಸಿಕ್ಕಿತು. ಆ ವರ್ಷದ ಸೆಪ್ಟೆಂಬರ್ 29ರಂದು ಅವರೂ ಮಗಳೂ ದೀಕ್ಷಾಸ್ನಾನ ಪಡೆದರು.

ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ನಿನ್ನೆ ಹೊಗಳಿದ ಪತ್ರಿಕೆಗಳು ಇಂದು ತೆಗಳಿದವು. ಅತ್ತ ಇಂಗ್ಲೆಂಡಿನ ಧರ್ಮಗುರುಗಳಿಗೂ ಅವರು ಸುಲಭದ ಶಿಷ್ಯೆಯಾಗಲಿಲ್ಲ. ತನ್ನ ಬುದ್ಧಿಗೆ ಒಪ್ಪದ ಸಿದ್ಧಾಂತವನ್ನು ಯಾರು ಹೇಳಿದರೂ ಒಪ್ಪುವುದಿಲ್ಲ ಎಂದು ಪತ್ರಗಳಲ್ಲಿ ವಾದಕ್ಕಿಳಿದರು. ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ಧರ್ಮ ಬದಲಿಸಲು ದೇಶ ಬದಲಿಸಬೇಕಿಲ್ಲ ಎಂಬುದು ಅವರ ನಿಲುವಾಗಿತ್ತು.

ಮುಂದಿನದು ಪರೀಕ್ಷೆಯಲ್ಲಿ ಬರುವ ಭಾಗ. 1886ರಲ್ಲಿ ಅಮೆರಿಕ, ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆಯುವ ಸಮಾರಂಭ. 1887ರಲ್ಲಿ ಉನ್ನತ ಜಾತಿಯ ಹಿಂದೂ ಹೆಂಗಸರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ. ಬಾಸ್ಟನ್ನಿನಲ್ಲಿ ಅವರ ಕೆಲಸಕ್ಕೆ ಹತ್ತು ವರ್ಷ ಹಣ ಕೊಡುವುದಾಗಿ ಹುಟ್ಟಿದ ಸಂಘ. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಎಳೆಯ ವಿಧವೆಯರಿಗಾಗಿ ಶಾರದಾ ಸದನ. ಮರುವರ್ಷ ಅದು ಪುಣೆಗೆ ಬಂತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾದರು.

ಗೈಡಿನಲ್ಲಿ ಇಲ್ಲದ ಭಾಗ ಶುರುವಾಗುವುದು ಇಲ್ಲಿಂದ. ಹೆಸರು ಬಂದಿತ್ತು, ಸಂಸ್ಥೆ ನಿಂತಿತ್ತು, ಬೈಬಲ್ ಬಾಯಿಪಾಠವಾಗಿತ್ತು. ದೀಕ್ಷೆ ಪಡೆದು ಎಂಟು ವರ್ಷ ಕಳೆದಿದ್ದರೂ ರಮಾಬಾಯಿಯ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಧರ್ಮ ಸಿಕ್ಕಿದೆ, ಆ ಧರ್ಮದ ನಡುವೆ ಇರುವಾತ ಮಾತ್ರ ಸಿಕ್ಕಿಲ್ಲ ಎಂದು ಅವರಿಗೆ ಅನ್ನಿಸುತ್ತಿತ್ತು. ಸಂಸ್ಕೃತದ ಶ್ಲೋಕಗಳನ್ನು ಕಲಿತಂತೆಯೇ ಕ್ರೈಸ್ತ ಸಿದ್ಧಾಂತವನ್ನೂ ಕಲಿತಿದ್ದರು, ಎರಡೂ ತಲೆಯಲ್ಲಿದ್ದವು. 1891ರ ಸುಮಾರಿಗೆ ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕತೆ ಅವರ ಕೈಗೆ ಬಂತು. ವರ್ಷಗಟ್ಟಲೆ ಬೇರೆಯವರಿಗೆ ಬೋಧಿಸಿ, ಒಂದು ದಿನ ಬೋಧನೆಯ ಪೀಠದಲ್ಲಿ ನಿಂತಿರುವಾಗಲೇ ತನಗೇ ನಂಬಿಕೆ ಹುಟ್ಟಿದ ಮನುಷ್ಯ ಅವರು. ರಮಾಬಾಯಿ ಆ ಪುಟಗಳಲ್ಲಿ ತನ್ನನ್ನೇ ಕಂಡರು.

ಅಲ್ಲಿಂದ ಅವರ ಪ್ರಾರ್ಥನೆಯ ರೀತಿ ಬದಲಾಯಿತು. ಯೋಗ್ಯತೆ ಸಂಪಾದಿಸಿ, ಆಮೇಲೆ ದೇವರ ಮುಂದೆ ನಿಲ್ಲಬೇಕು ಎಂದು ಅವರು ಅಷ್ಟು ದಿನ ಹೆಣಗಿದ್ದರು. ಈಗ ಇದ್ದಂತೆಯೇ ಹೋಗಿ, ಕೊರತೆಯನ್ನು ಹೇಳಿಕೊಂಡು, ಕ್ಷಮೆಯನ್ನು ಉಡುಗೊರೆಯಂತೆ ಪಡೆಯುವುದನ್ನು ಕಲಿತರು. ವಾದದಲ್ಲಿ ಯಾರಿಗೂ ಸೋಲದ ಪಂಡಿತೆ ಕೈಯೊಡ್ಡಿ ಬೇಡುವುದನ್ನು ಕಲಿಯಲು ಎಂಟು ವರ್ಷ ಹಿಡಿಯಿತು.

ಈ ಪ್ರಾರ್ಥನೆಗೆ ಅವರು ಬೆಲೆಯನ್ನೂ ತೆತ್ತರು. ಶಾರದಾ ಸದನದಲ್ಲಿ ಯಾರ ಧರ್ಮಕ್ಕೂ ಕೈ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಹುಡುಗಿಯರು ತಮ್ಮ ಪೂಜೆ, ಮಡಿ ಎಲ್ಲವನ್ನೂ ಪಾಲಿಸುತ್ತಿದ್ದರು. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ತೆರೆದ ಬಾಗಿಲಿನಿಂದ ಕೆಲವು ಹುಡುಗಿಯರು ಒಳಬಂದು ಕೂರತೊಡಗಿದರು. ಸುದ್ದಿ ಹಬ್ಬಿತು. ಇದು ಮತಾಂತರದ ದಾರಿ ಎಂದು ಪತ್ರಿಕೆಗಳು ಬರೆದವು. 1893ರಲ್ಲಿ ಸಲಹಾ ಸಮಿತಿಯ ಹಿರಿಯರು ರಾಜೀನಾಮೆ ಕೊಟ್ಟರು, ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಕರೆದುಕೊಂಡು ಹೋದರು. ಪೋಷಕರ ಆತಂಕಕ್ಕೆ ಕಾರಣವಿರಲಿಲ್ಲ ಎಂದು ಇವತ್ತು ಕುಳಿತು ಹೇಳುವುದು ಸುಲಭವಲ್ಲ. ರಮಾಬಾಯಿಗೋ ಬಾಗಿಲು ಮುಚ್ಚಿ ನಂಬುವುದು ಸಾಧ್ಯವಿರಲಿಲ್ಲ. ಬಾಗಿಲು ತೆರೆದೇ ಇತ್ತು.

1896ರಲ್ಲಿ ಮಧ್ಯ ಭಾರತದಲ್ಲಿ ಬರಗಾಲ ಬಿತ್ತು. ಎಲೆ ತಿಂದು ಬದುಕಿದ ದಿನಗಳು ರಮಾಬಾಯಿಗೆ ಮರೆತಿರಲಿಲ್ಲ. ತಾವೇ ಅಲ್ಲಿಗೆ ಹೋಗಿ, ಹಸಿದು ಬೀದಿಗೆ ಬಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳಿದ್ದುದರಿಂದ, ಊರಾಚೆಯ ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಜಮೀನಿನಲ್ಲಿ ಅವರನ್ನು ಇರಿಸಿದರು. ಅದೇ ಮುಕ್ತಿ ಸದನವಾಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಮಂದಿ ಇದ್ದರು. ಅಷ್ಟು ಜನಕ್ಕೆ ದಿನಾ ಊಟ ಹಾಕಬೇಕು. ಅಮೆರಿಕದ ಸಂಘದ ಹತ್ತು ವರ್ಷದ ಮಾತು ಮುಗಿದಿತ್ತು. ಬ್ರಿಸ್ಟಲ್ ನಗರದಲ್ಲಿ ಯಾರ ಬಳಿಯೂ ಹಣ ಕೇಳದೆ, ಪ್ರಾರ್ಥನೆಯನ್ನೇ ನೆಚ್ಚಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಅವರ ಜೀವನವನ್ನು ರಮಾಬಾಯಿ ಓದಿದ್ದರು. ಆ ದಾರಿಯಲ್ಲೇ ನಡೆಯಲು ತೀರ್ಮಾನಿಸಿದರು.

ಆದರೆ ಮುಕ್ತಿಯಲ್ಲಿ ಪ್ರಾರ್ಥನೆ ಎಂದರೆ ಕೈಕಟ್ಟಿ ಕೂರುವುದಾಗಿರಲಿಲ್ಲ. ಅಲ್ಲಿ ಬಾವಿ ತೋಡಿದರು, ಹೊಲ ಉತ್ತರು. ನೇಯ್ಗೆ, ಹೈನುಗಾರಿಕೆ, ಎಣ್ಣೆ ತೆಗೆಯುವುದು, ಮುದ್ರಣ ಎಲ್ಲವನ್ನೂ ಹೆಂಗಸರೇ ಕಲಿತು ನಡೆಸಿದರು. ಮನೋರಮಾ ಬ್ರೈಲ್ ಕಲಿತು ಬಂದು ಕಣ್ಣು ಕಾಣದವರಿಗೆ ಓದು ಹೇಳಿಕೊಟ್ಟರು. ಬೆಳಗಿನ ಪ್ರಾರ್ಥನೆ ಮುಗಿದರೆ ಎಲ್ಲರ ಕೈಗೂ ಒಂದೊಂದು ಕೆಲಸ.

1905ರ ಆರಂಭದಲ್ಲಿ ರಮಾಬಾಯಿ, ಹೆಸರು ಕೊಟ್ಟ ಸುಮಾರು ಎಪ್ಪತ್ತು ಹುಡುಗಿಯರನ್ನು ಸೇರಿಸಿ ದಿನಾ ಪ್ರಾರ್ಥನೆ ಶುರು ಮಾಡಿದರು. ಜೂನ್ ವೇಳೆಗೆ ಐನೂರಕ್ಕೂ ಹೆಚ್ಚು ಮಂದಿ ದಿನಕ್ಕೆ ಎರಡು ಸಲ ಸೇರುತ್ತಿದ್ದರು. ಆ ತಿಂಗಳ ಕೊನೆಯಲ್ಲಿ ಅಲ್ಲಿ ಅಳು, ಪಶ್ಚಾತ್ತಾಪ, ಆಮೇಲೆ ಸಂತೋಷದ ಹಾಡು ಉಕ್ಕಿ ಹರಿಯಿತು. ಹೊರಗಿನ ಕೆಲವರು ಇದನ್ನು ಉನ್ಮಾದ ಎಂದರು. ರಮಾಬಾಯಿ ಹುಡುಗಿಯರ ಬಾಯಿ ಮುಚ್ಚಿಸಲಿಲ್ಲ. ಬರದಲ್ಲಿ ತಾಯಿ ತಂದೆಯನ್ನು ಕಳೆದುಕೊಂಡ ಮಕ್ಕಳು ಅವರು. ಅಷ್ಟು ವರ್ಷ ಎದೆಯಲ್ಲಿ ಕಟ್ಟಿಟ್ಟದ್ದನ್ನು ದೇವರ ಮುಂದೆ ಜೋರಾಗಿ ಅತ್ತು ಹೇಳಲು ಅವರಿಗೆ ಮೊದಲ ಬಾರಿ ಒಂದು ಜಾಗ ಸಿಕ್ಕಿತ್ತು ಎಂದು ನನಗೆ ಅನ್ನಿಸುತ್ತದೆ.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೊಸ ಕೆಲಸವೊಂದಕ್ಕೆ ಕೂತರು. ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮರಾಠಿಯಲ್ಲಿ ಇಡೀ ಬೈಬಲ್. ಅದಕ್ಕಾಗಿ ನಡುವಯಸ್ಸು ದಾಟುವಾಗ ಹೀಬ್ರೂ, ಗ್ರೀಕ್ ಕಲಿತರು. ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದ್ದು ಮುಕ್ತಿಯ ಹೆಂಗಸರೇ. ಈ ನಡುವೆ ನಮ್ಮ ಗುಲ್ಬರ್ಗದಲ್ಲೂ ಒಂದು ಕ್ರೈಸ್ತ ಪ್ರೌಢಶಾಲೆ ಶುರುವಾಗಲು ನೆರವಾದರು. ಮನೋರಮಾ ಅದನ್ನು ನೋಡಿಕೊಂಡರು. ತನ್ನ ನಂತರ ಎಲ್ಲವನ್ನೂ ಈ ಮಗಳು ಹೊರುತ್ತಾಳೆ ಎಂಬ ಭರವಸೆ ತಾಯಿಗಿತ್ತು. 1921ರ ಜುಲೈನಲ್ಲಿ ಮನೋರಮಾ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು.

ಹದಿನಾರರ ವಯಸ್ಸಿನ ಸಾವುಗಳು ರಮಾಬಾಯಿಯ ನಂಬಿಕೆಯನ್ನು ಅಲುಗಿಸಿದ್ದವು. ಅರವತ್ತಮೂರರಲ್ಲಿ ಬಂದ ಈ ಸಾವಿನ ನಂತರವೂ ಅವರು ಅನುವಾದದ ಮೇಜು ಬಿಡಲಿಲ್ಲ. ಪ್ರಾರ್ಥನೆ ಅವರ ದುಃಖವನ್ನು ಅಳಿಸಿರಲಿಲ್ಲ; ದುಃಖದ ಮಾರನೆಯ ಬೆಳಗ್ಗೆ ಏಳುವ ಶಕ್ತಿಯನ್ನು ಕೊಟ್ಟಿತ್ತು. ಅನುವಾದ ಮುಗಿಸಿ, 1922ರ ಏಪ್ರಿಲ್ 5ರಂದು ಅವರು ಕಣ್ಣು ಮುಚ್ಚಿದರು. ಮುಕ್ತಿ ಸದನ ಕೇಡಗಾಂವ್‌ನಲ್ಲಿ ಇಂದಿಗೂ ಇದೆ.

ಗೆಳೆಯರೇ, ನಮ್ಮಲ್ಲಿ ದೇವರನ್ನು ನಂಬುವವರಿದ್ದಾರೆ, ನಂಬದವರಿದ್ದಾರೆ, ಪರೀಕ್ಷೆಯ ಹಿಂದಿನ ದಿನ ಮಾತ್ರ ನಂಬುವವರೂ ಇದ್ದಾರೆ. ಕೆಲಸ ಸಿಕ್ಕ ಮೇಲೆ, ಪದವಿ ಬಂದ ಮೇಲೆ ಬದುಕಿಗೆ ಅರ್ಥ ತಾನಾಗಿ ಬರುತ್ತದೆ ಎಂದು ನಾನು ನಂಬಿದ್ದೆ. ಇಪ್ಪತ್ತಕ್ಕೇ ಬಿರುದು, ಮೂವತ್ತಕ್ಕೆ ಮೂರು ಖಂಡಗಳ ಖ್ಯಾತಿ ಪಡೆದ ಈ ಹೆಂಗಸು, ಅದೆಲ್ಲ ಕೈಯಲ್ಲಿದ್ದಾಗಲೂ ಖಾಲಿಯಾಗಿಯೇ ಇದ್ದರು. ಆ ಖಾಲಿತನವನ್ನು ಮುಚ್ಚಿಡದೆ ಒಪ್ಪಿಕೊಂಡ ಮೇಲೆ ಅವರ ಅತಿ ದೊಡ್ಡ ಕೆಲಸ ಶುರುವಾಯಿತು.

ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ. ಆ ಪ್ರಶ್ನೆ ಮತ್ತೆ ಬಂದರೆ ಶಾರದಾ ಸದನದ ಎದುರಿನ ಹೆಸರನ್ನೇ ಆರಿಸುತ್ತೇನೆ. ಆರಿಸುವಾಗ ಮಾತ್ರ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದ ಆ ಕೋಣೆ ನನ್ನ ಕಣ್ಣ ಮುಂದೆ ಬಂದೇ ಬರುತ್ತದೆ.