ಪ್ರೀತಿ ಶಂಕರ್: ಕಂಪೈಲರ್‌ಗೆ ಅಗ್ಗದ ದಾರಿ ತೋರಿಸಿದವರು

ತರೀಕೆರೆಯಿಂದ ಚಿಕ್ಕಮಗಳೂರಿಗೆ ಲಿಂಗದಹಳ್ಳಿ ಕಡೆಯಿಂದಲೂ ಹೋಗಬಹುದು, ಬೀರೂರು–ಕಡೂರು ಸುತ್ತಿಯೂ ಹೋಗಬಹುದು. ಸೇರುವ ಊರು ಒಂದೇ, ಖರ್ಚು ಬೇರೆ. ಕಂಪ್ಯೂಟರ್ ಪ್ರೋಗ್ರಾಮಿನ ಕಥೆಯೂ ಅಷ್ಟೇ. ನಾವು ಬರೆದ ಒಂದೇ ಸಾಲನ್ನು ಯಂತ್ರದ ಆದೇಶಗಳಾಗಿ ಹಲವು ರೀತಿ ಇಳಿಸಬಹುದು. ಅದರಲ್ಲಿ ಅಗ್ಗದ್ದನ್ನು ಆರಿಸೋದು ಕಂಪೈಲರ್ ಕೆಲಸ.

ಈ ಆಯ್ಕೆ ತಾನಾಗಿಯೇ, ಬೇಗನೆ ಆಗುವಂತೆ ಮಾಡಲು ದುಡಿದವರಲ್ಲಿ ಬೆಂಗಳೂರಿನ ಪ್ರೊ. ಪ್ರೀತಿ ಶಂಕರ್ ಒಬ್ಬರು. 1968ರಲ್ಲಿ ದೆಹಲಿ ಐಐಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಪಿಎಚ್‌ಡಿ. ಆಮೇಲೆ ದಶಕಗಳ ಕಾಲ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ, ಸಂಶೋಧನೆ.

2000ದಲ್ಲಿ ಅವರು ಸಂಗಡಿಗರ ಜೊತೆ ಪ್ರಕಟಿಸಿದ ಪ್ರಬಂಧದ ತಿರುಳು ಸರಳ: ಪ್ರತಿಸಲ ಖರ್ಚಿನ ಲೆಕ್ಕ ಹಾಕುತ್ತ ಕೂರೋ ಬದಲು ಅದನ್ನು ಮೊದಲೇ ಕೋಷ್ಟಕದಲ್ಲಿ ಅಡಕ ಮಾಡಿಟ್ಟರೆ, ಕಂಪೈಲರ್ ನೋಡಿ ಆರಿಸಿಕೊಳ್ಳುತ್ತೆ. 2002ರಲ್ಲಿ ವೈ.ಎನ್. ಶ್ರೀಕಾಂತ್ ಜೊತೆ ದೊಡ್ಡದೊಂದು ಕಂಪೈಲರ್ ಕೈಪಿಡಿಯನ್ನೂ ಸಂಪಾದಿಸಿದರು.

2011ರಲ್ಲಿ ತೀರಿಕೊಂಡರು. ಸಾಫ್ಟ್‌ವೇರ್ ರಾಜಧಾನಿ ಅಂತ ಬೀಗುವ ನಾವು ಕಂಪನಿ ಕಟ್ಟಿದವರನ್ನಷ್ಟೇ ನೆನೀತೀವಿ. ಆ ಕಂಪನಿಗಳು ನಿಂತಿರುವ ವಿದ್ಯೆಯನ್ನು ಬೆಳೆಸಿದವರನ್ನು ಮರೀತೀವಿ. ತರೀಕೆರೆಯಿಂದ ಎಂಜಿನಿಯರಿಂಗ್ ಓದೋಕೆ ಹೊರಡೋ ಹುಡುಗಿಗೆ ಈ ಹೆಸರು ಗೊತ್ತಿರಬೇಕು.