ಮುಧೋಳದ ಮಾಲೋಜಿರಾಯರು

ಬಾದಾಮಿಯ ಕೆಂಪು ಬಂಡೆಗಳನ್ನು ಹಿಂದಿಕ್ಕಿ ವಾಯವ್ಯ ದಿಕ್ಕಿಗೆ ಸಾಗಿದರೆ ನೆಲದ ಬಣ್ಣವು ಮೆಲ್ಲಮೆಲ್ಲನೆ ಬದಲಾಗುತ್ತದೆ. ಮಲಪ್ರಭೆಯ ಸೀಮೆ ಮುಗಿದು ಘಟಪ್ರಭೆಯ ಎರೆಯ ಹೊಲಗಳು ಕಾಣತೊಡಗುತ್ತವೆ. ಈ ಘಟಪ್ರಭೆಯ ಎಡದಂಡೆಯ ಸೀಮೆಯಲ್ಲಿಯೇ ಮುಧೋಳವಿದೆ. ಹತ್ತನೆಯ ಶತಮಾನದಲ್ಲಿ ಗದಾಯುದ್ಧವನ್ನು ರಚಿಸಿದ ರನ್ನಕವಿಯು ಹುಟ್ಟಿದುದು ಈ ನಾಡಿನಲ್ಲಿ. ಕನ್ನಡವನ್ನು ಓದಿದವರಿಗೆ ಮುಧೋಳವೆಂದೊಡನೆ ರನ್ನನ ನೆನಪಾಗುವುದು ಸಹಜ. ಆದರೆ ಕನ್ನಡವನ್ನರಿಯದ ಹೊರನಾಡಿನ ಜನರು ಈ ಊರಿನ ಹೆಸರನ್ನು ಕೇಳಿರುವುದು ಒಂದು ನಾಯಿಯಿಂದ. ಆ ನಾಯಿಯ ವಂಶವು ಅಳಿದುಹೋಗದಂತೆ ಕಾಪಾಡಿದವರೆಂದು ಹೆಸರಾದವರು ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು.

ಮುಧೋಳದ ನಾಯಿಯನ್ನು ಮೊದಲ ಬಾರಿಗೆ ನೋಡಿದವರಿಗೆ ಅದು ಹಸಿದ ಬಡಕಲು ನಾಯಿಯೆಂದೇ ತೋರುವುದುಂಟು. ಪಕ್ಕೆಲುಬುಗಳ ಗುರುತು ಮೈಮೇಲೆ ಕಾಣುತ್ತದೆ. ಹೊಟ್ಟೆ ಬೆನ್ನಿಗೆ ಅಂಟಿಕೊಂಡಂತಿರುತ್ತದೆ. ಆದರೆ ಎದೆಯು ಬಹಳ ಆಳವಾದುದು. ಓಡುವಾಗ ಬೇಕಾದ ಉಸಿರನ್ನು ತುಂಬಿಕೊಳ್ಳುವ ದೊಡ್ಡ ಶ್ವಾಸಕೋಶಗಳಿಗೆ ಅಲ್ಲಿ ಎಡೆಯಿದೆ. ಕಾಲುಗಳು ನೀಳ, ಕುತ್ತಿಗೆ ನೀಳ, ಮೂತಿಯೂ ನೀಳ. ಗಂಡುನಾಯಿಯು ಭುಜದವರೆಗೆ ಸುಮಾರು 70 ಸೆಂಟಿಮೀಟರು ಎತ್ತರವಾಗಿ ನಿಂತರೂ ತೂಕದಲ್ಲಿ ಮೂವತ್ತು ಕಿಲೋಗ್ರಾಮು ಮೀರುವುದು ಅಪರೂಪ. ಸಾಮಾನ್ಯ ನಾಯಿಗಳು ವಾಸನೆ ಹಿಡಿದು ಬೇಟೆಯನ್ನು ಅರಸಿದರೆ ಇದು ಕಣ್ಣಿನಿಂದ ಕಂಡು ಬೆನ್ನಟ್ಟುತ್ತದೆ. ಬಯಲಿನಲ್ಲಿ ಮೊಲವೊಂದು ಬಹು ದೂರದಲ್ಲಿ ಮಿಸುಕಿದರೂ ಇದರ ದೃಷ್ಟಿಗೆ ಬೀಳುತ್ತದೆ. ಅರಬ್ಬೀ ದೇಶಗಳ ಸಲೂಕಿ, ಮಧ್ಯ ಏಷ್ಯದ ತಾಜಿ ಮೊದಲಾದ ನಾಯಿಗಳು ಇದರ ದಾಯಾದಿಗಳು. ಪಶ್ಚಿಮದಿಂದ ದಖ್ಖನಿಗೆ ಬಂದ ವರ್ತಕರ ಮತ್ತು ಸೈನಿಕರ ಸಂಗಡ ಇದರ ಪೂರ್ವಜರು ಬಂದಿರಬೇಕೆಂದು ತಿಳಿದವರು ಹೇಳುತ್ತಾರೆ. ಕಾರವಾನ್ ಎಂಬ ಇದರ ಮತ್ತೊಂದು ಹೆಸರು ಆ ಸಂಚಾರದ ಗುರುತನ್ನೇ ಉಳಿಸಿಕೊಂಡಿದೆ.

ಮಾಲೋಜಿರಾಯರು ಜನಿಸಿದುದು 1884ರಲ್ಲಿ. ಅವರ ವಂಶದ ಹೆಸರಿಗೂ ಒಂದು ಪ್ರಾಣಿಗೂ ನಂಟುಂಟು. ಮರಾಠಿಯಲ್ಲಿ ಘೋರ್ಪಡ್ ಎಂದರೆ ಉಡ. ಬಹಮನಿ ಸುಲ್ತಾನರ ಕಾಲದಲ್ಲಿ ಈ ವಂಶದ ಹಿರಿಯನೊಬ್ಬನು ಉಡದ ಸೊಂಟಕ್ಕೆ ಹಗ್ಗ ಕಟ್ಟಿ, ಅದು ಗೋಡೆಗೆ ಕಚ್ಚಿಕೊಂಡಾಗ ಆ ಹಗ್ಗವನ್ನು ಹಿಡಿದು ಕೋಟೆಯನ್ನೇರಿದನೆಂದು ಮನೆತನದ ಐತಿಹ್ಯವು ಹೇಳುತ್ತದೆ. ಐತಿಹ್ಯವು ಎಷ್ಟರಮಟ್ಟಿಗೆ ನಿಜವೋ ಏನೋ, ಹೆಸರಂತೂ ಉಳಿಯಿತು. ವಿಜಾಪುರದ ಆದಿಲಶಾಹಿಯಲ್ಲಿ ಸರದಾರರಾಗಿದ್ದ ಘೋರ್ಪಡೆಯವರು ಮುಂದೆ ಪೇಶ್ವೆಯವರ ಆಶ್ರಯಕ್ಕೆ ಬಂದು, ಕೊನೆಗೆ ಆಂಗ್ಲರ ಅಧೀನರಾದ ಸಂಸ್ಥಾನಿಕರಾದರು. ಸಂಸ್ಥಾನವು ದೊಡ್ಡದಾಗಿರಲಿಲ್ಲ. 1901ರ ಜನಗಣತಿಯಲ್ಲಿ ಅಲ್ಲಿನ ಪ್ರಜೆಗಳ ಸಂಖ್ಯೆ ಸುಮಾರು 63,000. ತಂದೆ ವೆಂಕಟರಾಯರ ತರುವಾಯ 1900ರಲ್ಲಿ ಪಟ್ಟಕ್ಕೆ ಬಂದಾಗ ಮಾಲೋಜಿರಾಯರಿಗೆ ಹದಿನಾರರ ಪ್ರಾಯ. ಮುಂಬಯಿ ಪ್ರಾಂತವು ಆಗ ಬರಗಾಲದಿಂದಲೂ ಪ್ಲೇಗಿನಿಂದಲೂ ಬಸವಳಿದಿತ್ತು.

ಮನುಷ್ಯರಿಗೇ ಕೂಳಿಲ್ಲದ ಅಂಥ ದಿನಗಳಲ್ಲಿ ನಾಯಿಗಳ ಪಾಡು ಏನಾಗಿದ್ದೀತೆಂಬುದನ್ನು ಊಹಿಸಬಹುದು. ಅದಲ್ಲದೆ ಬೇಟೆಗೆ ಬಂದೂಕು ಬಂದ ಮೇಲೆ ಓಡುವ ನಾಯಿಯ ಬೆಲೆ ಕುಗ್ಗಿತ್ತು. ಬೀದಿನಾಯಿಗಳೊಡನೆ ಬೆರೆತು ವಂಶದ ಲಕ್ಷಣಗಳು ಮಸುಕಾಗುತ್ತಿದ್ದವು. ಅರಮನೆಗಳವರ ಗಮನವಾದರೋ ಬೇರೆ ಕಡೆಗಿತ್ತು. ಹಡಗಿನಲ್ಲಿ ವಿಲಾಯಿತಿಯಿಂದ ನಾಯಿಗಳನ್ನು ತರಿಸಿಕೊಳ್ಳುವುದು ಆ ಕಾಲದ ಸಂಸ್ಥಾನಿಕರಿಗೆ ಪ್ರತಿಷ್ಠೆಯ ಮಾತಾಗಿತ್ತು. ತುಸು ಕಾಲದ ಮೇಲೆ ಜುನಾಗಢದ ನವಾಬನು ನೂರಾರು ನಾಯಿಗಳನ್ನು ಸಾಕಿ, ಅವುಗಳ ಮದುವೆಗಾಗಿ ಬೊಕ್ಕಸದ ಹಣವನ್ನು ಚೆಲ್ಲಿ ನಗೆಗೀಡಾದನು. ಮಾಲೋಜಿರಾಯರೂ ಹಾಗೆಯೇ ದೊಡ್ಡ ಹೆಸರಿನ ಪರದೇಶದ ನಾಯಿಗಳನ್ನು ಕೊಂಡು ತೃಪ್ತರಾಗಬಹುದಾಗಿತ್ತು. ಆದರೆ ಅವರ ಕಣ್ಣು ತಮ್ಮ ಸೀಮೆಯ ಬೇಡರ ಗುಡಿಸಲುಗಳ ಮುಂದೆ ಮಲಗಿರುತ್ತಿದ್ದ ಸಪೂರ ನಾಯಿಗಳ ಮೇಲೆ ಬಿದ್ದಿತು.

ಈ ಬೇಡರು ಯಾರೆಂಬುದನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿ ಎಂಬ ಗ್ರಾಮದಲ್ಲಿ ಅವರು ಬಹು ಸಂಖ್ಯೆಯಲ್ಲಿದ್ದರು. ಬೇಟೆ ಅವರ ಕುಲವೃತ್ತಿ. ಆಯುಧವು ಅವರಿಗೆ ಹೊಟ್ಟೆಪಾಡಿನ ಸಾಧನವೂ ಹೌದು, ಮಾನದ ಕುರುಹೂ ಹೌದು. 1857ರಲ್ಲಿ ಜನರೆಲ್ಲರೂ ತಮ್ಮ ಆಯುಧಗಳನ್ನು ತಂದೊಪ್ಪಿಸಬೇಕೆಂದು ಆಂಗ್ಲ ಸರಕಾರವು ಆಜ್ಞೆ ಮಾಡಿತು. ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿತು. ಮನೆಗಳು ಉರಿದುಹೋದವು, ಅನೇಕರು ಹೋರಾಡುತ್ತ ಮಡಿದರು. ಸೆರೆ ಸಿಕ್ಕವರಲ್ಲಿ ಹತ್ತೊಂಬತ್ತು ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಜನರ ಕಣ್ಣೆದುರಿಗೆ ಗಲ್ಲಿಗೇರಿಸಿದರು. ಲಾವಣಿಕಾರರು ಈ ಕಥೆಯನ್ನು ಹಾಡಿ ಉಳಿಸಿದ್ದಾರೆ.

ಈ ಘಟನೆ ನಡೆದಾಗ ಮಾಲೋಜಿರಾಯರು ಹುಟ್ಟಿರಲಿಲ್ಲ. ಆದರೆ ಅವರು ಪಟ್ಟವೇರುವ ಹೊತ್ತಿಗೆ ಆ ಬೆಂಕಿಯನ್ನು ಕಂಡ ಮುದುಕರು ಕೆಲವರಾದರೂ ಬದುಕಿದ್ದಿರಬೇಕು. ಕೈಯ ಆಯುಧವನ್ನು ಸರಕಾರವು ಕಸಿದುಕೊಂಡಿತ್ತು. ನಾಯಿಯನ್ನು ಕಸಿದುಕೊಳ್ಳಬೇಕೆಂಬುದು ಯಾವ ಕಾಯಿದೆಗೂ ಹೊಳೆದಿರಲಿಲ್ಲ. ಕೋವಿ ಕತ್ತಿಗಳಿಲ್ಲದ ಮನೆಯಲ್ಲಿ ಮೊಲವನ್ನು ಹಿಡಿದು ತರಬಲ್ಲ ನಾಯಿಯು ಮನೆಮಂದಿಯಲ್ಲೊಂದಾಗಿ ಬೆಳೆದುದರಲ್ಲಿ ಆಶ್ಚರ್ಯವಿಲ್ಲ. ಜೋಳದ ಹಿಟ್ಟಿನ ಗಂಜಿ, ಇದ್ದ ದಿನ ಒಂದಿಷ್ಟು ಹಾಲು ಅಥವಾ ಮಜ್ಜಿಗೆ, ಇವೇ ಅದರ ಆಹಾರ. ಅದರ ವಂಶಾವಳಿಯನ್ನು ಬರೆದಿಟ್ಟವರಿಲ್ಲ. ಯಾವ ನಾಯಿ ಹೆಚ್ಚು ಓಡೀತು, ಯಾವುದು ಯಜಮಾನನ ಸನ್ನೆಯನ್ನು ಅರಿತೀತು ಎಂಬುದನ್ನು ನೋಡಿ ಅಂಥದರ ಮರಿಗಳನ್ನು ಉಳಿಸಿಕೊಳ್ಳುವುದೊಂದೇ ಅವರು ಅರಿತ ಶಾಸ್ತ್ರ. ಅರಮನೆಗಳು ಮರೆತ ತಳಿಯು ಹೀಗೆ ಗುಡಿಸಲುಗಳಲ್ಲಿ ಉಳಿದುಕೊಂಡಿತ್ತು.

ಮಾಲೋಜಿರಾಯರು ಈ ಬೇಡರಿಂದ ಒಳ್ಳೆಯ ನಾಯಿಗಳನ್ನು ಪಡೆದು ಅರಮನೆಯಲ್ಲಿ ಸಾಕತೊಡಗಿದರು. ನಾಯಿಯನ್ನು ಬೇಡಿ ಪಡೆಯುವುದು ಕನ್ನಡ ನಾಡಿಗೆ ಹೊಸದೇನಲ್ಲ. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಒಂದು ಶಾಸನ ದೊರೆತಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಗಂಗರ ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ಕಾಳಿಯು ಮುಂದೆ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿತು. ಹಂದಿಯೂ ನಾಯಿಯೂ ಜೊತೆಯಾಗಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಟ್ಟರು. ಆ ಕಲ್ಲನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಆತಕೂರಿನಲ್ಲಿ ಭಟನು ಅರಸನಿಂದ ನಾಯಿಯನ್ನು ಪಡೆದನು. ಮುಧೋಳದಲ್ಲಿಯಾದರೋ ಅರಸನೇ ಬಡವರ ಮನೆಯ ನಾಯಿಗೆ ಕೈಯೊಡ್ಡಬೇಕಾಯಿತು.

ನಾಯಿಗಳನ್ನು ತಂದು ಅರಮನೆಯ ಅಂಗಳದಲ್ಲಿ ಕಟ್ಟಿದ ಮಾತ್ರಕ್ಕೆ ತಳಿ ಉಳಿಯುವುದಿಲ್ಲ. ಆಯ್ದ ತಾಯಿತಂದೆಗಳಿಂದ ಮರಿಗಳನ್ನು ಪಡೆಯಬೇಕು. ನಾಯಿಯ ಗರ್ಭಾವಧಿ ಸುಮಾರು 63 ದಿನಗಳು. ಒಂದೊಂದು ಸೂಲಿನಲ್ಲಿ ಹುಟ್ಟಿದ ಮರಿಗಳಲ್ಲಿ ಎಲ್ಲವೂ ಒಂದೇ ತೆರನಾಗಿರುವುದಿಲ್ಲ. ಕೆಲವು ಹಿರಿಯರ ಗುಣಗಳನ್ನು ಪಡೆದರೆ ಕೆಲವು ಯಾವುದೋ ಹಿಂದಿನ ಬೆರಕೆಯ ಲಕ್ಷಣಗಳನ್ನು ತೋರುತ್ತವೆ. ಅವು ಬೆಳೆದು ಓಡುವವರೆಗೂ ಕಾದು, ಒಳ್ಳೆಯವನ್ನು ಆರಿಸಿ, ಮತ್ತೆ ಅವುಗಳ ಸಂತಾನವನ್ನು ಪಡೆಯಬೇಕು. ತೀರ ಹತ್ತಿರದ ರಕ್ತಸಂಬಂಧವಿರುವ ನಾಯಿಗಳನ್ನೇ ಕೂಡಿಸುತ್ತ ಹೋದರೆ ಮರಿಗಳು ದುರ್ಬಲವಾಗುವ ಭಯವುಂಟು. ಹೊರಗಿನದನ್ನು ಬೆರೆಸಿದರೆ ತಳಿಯೇ ಕೆಡುವ ಭಯವುಂಟು. ಈ ಎರಡರ ನಡುವಣ ದಾರಿ ಕಿರಿದು. ಇದು ಒಂದೆರಡು ವರ್ಷಗಳಲ್ಲಿ ಮುಗಿಯುವ ಕೆಲಸವಲ್ಲ. ಹಣವಿದ್ದವರೆಲ್ಲರೂ ಮಾಡಬಲ್ಲ ಕೆಲಸವೂ ಅಲ್ಲ. ಹಣದ ಜೊತೆಗೆ ತಾಳ್ಮೆ ಬೇಕು.

ಈ ನಾಯಿಯ ಸ್ವಭಾವವೂ ಪಳಗಿಸುವವರ ತಾಳ್ಮೆಯನ್ನು ಪರೀಕ್ಷಿಸತಕ್ಕದ್ದು. ಇದು ಅಪರಿಚಿತರ ಸ್ಪರ್ಶವನ್ನು ಸಹಿಸದು. ಬಾಲವಾಡಿಸುತ್ತ ಕಂಡವರ ಕಾಲು ನೆಕ್ಕುವ ಗುಣ ಇದರದಲ್ಲ. ಒಂದು ಮನೆಗೆ ಹೊಂದಿಕೊಂಡರೆ ಆ ಮನೆಯವರನ್ನೇ ನೆಚ್ಚಿರುತ್ತದೆ. ಗದರಿಸಿ ಹೊಡೆದರೆ ಮುದುಡಿಕೊಳ್ಳುತ್ತದೆ. ಆದುದರಿಂದ ಬೆಳೆದ ನಾಯಿಗಿಂತ ಎಳೆಯ ಮರಿಯನ್ನು ಒಯ್ದು ಸಾಕುವುದು ಮೇಲೆಂದು ಅನುಭವಿಗಳು ಹೇಳುವರು. ಹಗಲಿರುಳು ಸರಪಳಿಯಲ್ಲಿ ಕಟ್ಟಿಟ್ಟರೆ ಇದು ಬಾಳದು. ಮೈಚಾಚಿ ಓಡಲು ಇದಕ್ಕೆ ಬಯಲೇ ಬೇಕು.

ಮಾಲೋಜಿರಾಯರು ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೊತೆ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟರು. ಅಂದಿನಿಂದ ಮುಧೋಳದ ನಾಯಿಗಳೆಂಬ ಹೆಸರು ಹೊರದೇಶಗಳಲ್ಲಿಯೂ ನಿಂತಿತು. ಸಂಸ್ಥಾನಿಕರು ಚಕ್ರವರ್ತಿಗೆ ಕಾಣಿಕೆ ಒಪ್ಪಿಸುವುದು ಆ ಕಾಲದ ಪದ್ಧತಿ. ಮುತ್ತುರತ್ನಗಳನ್ನು, ಆನೆಯ ದಂತವನ್ನು, ಹುಲಿಯ ಚರ್ಮವನ್ನು ಕೊಟ್ಟವರು ಬಹಳ ಮಂದಿ. ತಮ್ಮ ನೆಲದ ಬಡವರು ಜೋಳದ ಗಂಜಿ ಹಾಕಿ ಬೆಳೆಸಿದ ಪ್ರಾಣಿಯೇ ದೊರೆಗೆ ಕೊಡಲು ಯೋಗ್ಯವಾದ ವಸ್ತುವೆಂದು ಬಗೆದುದರಲ್ಲಿ ರಾಯರ ಅಭಿಮಾನವು ಕಾಣುತ್ತದೆ. ಆದರೂ ಒಂದು ಸಂಗತಿ ಮನಸ್ಸನ್ನು ಕಲಕದೆ ಇರದು. ಯಾವ ರಾಣಿಯ ಕಾಲದಲ್ಲಿ ಆಂಗ್ಲ ಸರಕಾರವು ಬೇಡರ ಆಯುಧಗಳನ್ನು ಕಸಿದು ಅವರನ್ನು ಗಲ್ಲಿಗೆ ಏರಿಸಿತೋ, ಆ ರಾಣಿಯ ಮೊಮ್ಮಗನೇ ಈ ಐದನೆಯ ಜಾರ್ಜ್. ಬೇಡರ ಮನೆಬಾಗಿಲನ್ನು ಕಾದ ನಾಯಿಗಳ ಸಂತಾನವು ಅವನ ಅರಮನೆಯ ಬಾಗಿಲಿಗೆ ಹೋಗಿ ನಿಂತಿತು. ಕಾಣಿಕೆಯಲ್ಲಿ ರಾಯರ ಹೆಸರಿತ್ತು, ಮುಧೋಳದ ಹೆಸರಿತ್ತು. ಬೇಡರ ಹೆಸರನ್ನು ಅಲ್ಲಿ ಯಾರೂ ಕೇಳಿರಲಾರರು.

ರಾಯರ ಆಳಿಕೆ ಮೂವತ್ತೇಳು ವರ್ಷಗಳಷ್ಟು ದೀರ್ಘವಾದುದು. 1937ರಲ್ಲಿ ಅವರು ತೀರಿಕೊಂಡಾಗ ಮಗ ಭೈರವಸಿಂಹರು ಇನ್ನೂ ಬಾಲಕರು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಮುಧೋಳವು ವಿಜಾಪುರ ಜಿಲ್ಲೆಯೊಡನೆ ಕನ್ನಡ ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಬಂದಿತು. ಅರಮನೆಯ ಆಶ್ರಯ ತಪ್ಪಿದ ಮೇಲೆ ನಾಯಿಗಳ ಭಾರವು ಮತ್ತೆ ಹಳ್ಳಿಯ ಮನೆಗಳ ಮೇಲೆಯೇ ಬಿದ್ದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಅದು ಆಗಲೇಬೇಕಾಗಿದ್ದ ಕೆಲಸ. ಆದರೆ ಬೇಟೆಗೆಂದೇ ಹುಟ್ಟಿದ ನಾಯಿಗೆ ಅಂದಿನಿಂದ ಕಸುಬಿಲ್ಲದಂತಾಯಿತು. ಹೊಲ ಮನೆಗಳ ಕಾವಲೇ ಅದರ ಪಾಲಿಗೆ ಉಳಿಯಿತು. ಹೆಸರು ಹಬ್ಬಿದಂತೆ ಮರಿಗಳ ಮಾರಾಟವೂ ಬೆಳೆಯಿತು. ಹೆಚ್ಚು ಬೆಲೆಯ ಆಸೆಗೆ ಪರದೇಶದ ಗ್ರೇಹೌಂಡ್ ನಾಯಿಯೊಡನೆ ಬೆರಕೆ ಮಾಡಿ, ಹುಟ್ಟಿದ ಮರಿಗಳನ್ನು ಮುಧೋಳದವೆಂದೇ ಮಾರುವವರೂ ಕಾಣಿಸಿಕೊಂಡರು. ಬರಗಾಲದಲ್ಲಿ ಉಳಿದ ತಳಿಗೆ ಕೀರ್ತಿಯ ಕಾಲದಲ್ಲಿ ಅಪಾಯ ಬಂದಿತು.

2005ರಲ್ಲಿ ಭಾರತೀಯ ಅಂಚೆ ಇಲಾಖೆಯು ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳದ ನಾಯಿಯೂ ಒಂದಾಗಿತ್ತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ಸ್ಥಾಪಿಸಿತು. ಶುದ್ಧ ತಳಿಯ ಮರಿಗಳನ್ನು ಬೆಳೆಸಿ ಹಂಚುವುದು, ಸಾಕುವವರಿಗೆ ತಿಳಿವಳಿಕೆ ಕೊಡುವುದು ಅದರ ಕೆಲಸ. ಅಲ್ಲಿಂದ 2016ರಲ್ಲಿ ಕೆಲವು ಮರಿಗಳು ತರಬೇತಿಗಾಗಿ ಮೀರತ್ತಿನ ಸೈನ್ಯಕೇಂದ್ರಕ್ಕೆ ಹೋದವು. ಅದುವರೆಗೆ ಪರದೇಶದ ತಳಿಗಳೇ ತುಂಬಿದ್ದ ಸೈನ್ಯದ ಶ್ವಾನದಳದಲ್ಲಿ ಎಡೆ ಪಡೆದ ಮೊದಲ ದೇಶೀ ತಳಿ ಇದೇ. 2021ರಲ್ಲಿ ವಾಯುಪಡೆಯವರು ವಿಮಾನಗಳಿಗೆ ಅಡ್ಡ ಬರುವ ಹಕ್ಕಿಗಳನ್ನು ಓಡಿಸುವುದಕ್ಕಾಗಿ ಕೆಲವು ಮರಿಗಳನ್ನು ಆಗ್ರಾಕ್ಕೆ ಒಯ್ದರು.

ಮುಧೋಳದ ಸುತ್ತಣ ಹಳ್ಳಿಗಳಲ್ಲಿ ನೂರಾರು ಕುಟುಂಬಗಳು ಈ ನಾಯಿಗಳನ್ನು ಸಾಕುತ್ತ, ಮರಿಗಳಿಂದ ಬರುವ ಹಣದಿಂದ ಜೀವನಕ್ಕೆ ಒದಗು ಮಾಡಿಕೊಂಡಿವೆ. ಅವರಲ್ಲಿ ಬಹುಮಂದಿ ಸಣ್ಣ ಹಿಡುವಳಿಯ ರೈತರು, ಕೂಲಿಕಾರರು. ಬೆಳಗಿನ ತಂಪಿನಲ್ಲಿ ಅವರು ನಾಯಿಗಳ ಕೊರಳ ಹಗ್ಗ ಬಿಚ್ಚಿ ಕೊಯ್ಲಾದ ಹೊಲಗಳಲ್ಲಿ ಓಡಲು ಬಿಡುತ್ತಾರೆ. ಓಡಿ ದಣಿದು ಬಂದವುಗಳ ಮುಂದೆ ಇಡುವುದು ಹಿಂದಿನಂತೆ ಜೋಳದ ಗಂಜಿಯನ್ನೇ.