ಕವಿಚಕ್ರವರ್ತಿ ರನ್ನ: ಗೃಹಪೂಜೆ ಮತ್ತು ಗುಣಸ್ಮರಣೆಯ ಹಿನ್ನೆಲೆಯಲ್ಲಿ ಒಂದು ಜೀವನಚಿತ್ರ

ಹತ್ತನೆಯ ಶತಮಾನದ ಕನ್ನಡ ಸಾಹಿತ್ಯವನ್ನು ಕುರಿತ ಚರ್ಚೆಗಳಲ್ಲಿ ರನ್ನನ ಹೆಸರು ಬಂದೊಡನೆ ನೆನಪಾಗುವುದು ಗದಾಯುದ್ಧ. ಭೀಮನ ಪ್ರತಿಜ್ಞೆ, ದುರ್ಯೋಧನನ ಅಭಿಮಾನ, ವೈಶಂಪಾಯನ ಸರೋವರದ ದಂಡೆಯ ಕೊನೆಯ ಕಾಳಗ ಇವು ಓದುಗರ ಮನಸ್ಸಿನಲ್ಲಿ ರನ್ನನನ್ನು ವೀರ ಮತ್ತು ರೌದ್ರರಸಗಳ ಕವಿಯನ್ನಾಗಿ ನಿಲ್ಲಿಸಿವೆ. ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ಈ ಕಾವ್ಯಕ್ಕೆ ನಾಟಕರೂಪ ಕೊಟ್ಟ ಮೇಲಂತೂ ಈ ಚಿತ್ರ ಇನ್ನಷ್ಟು ಗಟ್ಟಿಯಾಯಿತು. ಅದೇ ಕವಿ ಕ್ರಿ.ಶ. 993ರಲ್ಲಿ ಪೂರ್ಣಗೊಳಿಸಿದ ಅಜಿತಪುರಾಣ ಮಾತ್ರ ಬಹುಮಟ್ಟಿಗೆ ಮತಗ್ರಂಥವೆಂಬ ಕಾರಣದಿಂದ ಬದಿಗೆ ಸರಿಯಿತು. ಆದರೆ ರನ್ನನ ಬಾಳಿನ ಒಳಸ್ವರೂಪವನ್ನು ಅರಿಯಲು ಈ ಎರಡನೆಯ ಕಾವ್ಯವೇ ಹೆಚ್ಚು ನೆರವಾಗುತ್ತದೆ. ಪೂಜೆಯನ್ನು ಮನೆಯೊಳಗೆ ನೆಲೆಗೊಳಿಸುವುದು, ಪೂಜೆಯ ಮೂಲಕ ಗುಣವನ್ನು ಅಭ್ಯಾಸ ಮಾಡುವುದು ಎಂಬ ಎರಡು ಸಂಗತಿಗಳು ಒಂದಾಗಿ ಸೇರಿದ ವಾತಾವರಣದಲ್ಲಿ ಅದು ಹುಟ್ಟಿತು.

ರನ್ನನ ಜನನ ಕ್ರಿ.ಶ. 949ರಲ್ಲಿ, ಸೌಮ್ಯ ಸಂವತ್ಸರದಲ್ಲಿ. ಊರು ಮುದುವೊಳಲು, ಎಂದರೆ ಘಟಪ್ರಭೆಯ ದಡದ ಇಂದಿನ ಮುಧೋಳ. ಅದು ಆಗ ಬೆಳುಗಲಿ ನಾಡಿಗೆ ಸೇರಿತ್ತು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮನೆತನದ ಕಸುಬು ಬಳೆಯ ವ್ಯಾಪಾರ. ಪಂಪನಂತೆ ಅರಸನ ಜೊತೆಗೆ ರಣರಂಗದಲ್ಲಿ ನಿಂತ ಹಿನ್ನೆಲೆಯಾಗಲಿ, ವಿದ್ವಾಂಸರ ಮನೆತನದ ಬೆಂಬಲವಾಗಲಿ ರನ್ನನಿಗೆ ಇರಲಿಲ್ಲ. ಊರೂರು ತಿರುಗಿ ಹೆಂಗಳೆಯರ ಕೈಗೆ ಬಳೆ ತೊಡಿಸುವ ಕಸುಬಿನ ಮನೆಯ ಹುಡುಗನೊಬ್ಬ ಶಾಸ್ತ್ರ, ವ್ಯಾಕರಣ, ಕಾವ್ಯಗಳನ್ನು ಕಲಿಯಬೇಕೆಂದು ಹಂಬಲಿಸಿದ್ದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಮುಂದೆ ಕವಿಚಕ್ರವರ್ತಿಯೆಂಬ ಬಿರುದು ಪಡೆದ ಮೇಲೂ ಅವನು ತನ್ನ ಕುಲವನ್ನು ಮರೆಮಾಚಲಿಲ್ಲ.

ವಿದ್ಯೆಯ ಹಂಬಲ ಅವನನ್ನು ತೆಂಕಣ ಗಂಗರ ನಾಡಿಗೆ ಕೊಂಡೊಯ್ದಿತು. ಅಲ್ಲಿ ಅವನಿಗೆ ಗುರುವಾಗಿ ದೊರೆತವರು ಅಜಿತಸೇನಾಚಾರ್ಯರು, ಆಶ್ರಯ ಕೊಟ್ಟವನು ಚಾವುಂಡರಾಯ. ಈ ಇಬ್ಬರ ಸಂಬಂಧ ರನ್ನನ ಮನೋಧರ್ಮವನ್ನು ರೂಪಿಸಿತು. ಅಜಿತಸೇನರು ಗಂಗ ದೊರೆ ಮಾರಸಿಂಹನಿಗೂ ಗುರುಗಳು. ಆ ದೊರೆ ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಇದೇ ಗುರುವಿನ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟದ್ದನ್ನು ಶ್ರವಣಬೆಳಗೊಳದ ಶಾಸನ ದಾಖಲಿಸಿದೆ. ಹಲವು ಯುದ್ಧಗಳನ್ನು ಗೆದ್ದ ಅರಸನೊಬ್ಬ ಕೊನೆಗೆ ಆಯ್ದುಕೊಂಡ ದಾರಿ ಇದು. ಚಾವುಂಡರಾಯನೂ ಇಂಥದೇ ಎರಡು ಮುಖಗಳ ವ್ಯಕ್ತಿ. ಮಂತ್ರಿ ಮತ್ತು ಸೇನಾನಿಯಾಗಿದ್ದ ಅವನು 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದನು. ಆಚಾರಧರ್ಮವನ್ನು ನಿರೂಪಿಸುವ ಚಾರಿತ್ರಸಾರವೆಂಬ ಸಂಸ್ಕೃತ ಗ್ರಂಥವೂ ಅವನದೇ. ಮುಂದಿನ ಕೆಲವೇ ವರ್ಷಗಳಲ್ಲಿ ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಗೊಮ್ಮಟಮೂರ್ತಿಯನ್ನು ಮಾಡಿಸಿದನು. ಚಿಕ್ಕಬೆಟ್ಟದ ಬಂಡೆಯ ಮೇಲಿನ ಕವಿರತ್ನ ಎಂಬ ಬರಹವನ್ನು ವಿದ್ವಾಂಸರು ರನ್ನನದೆಂದು ಗುರುತಿಸಿದ್ದಾರೆ. ಬೆಟ್ಟದಷ್ಟು ದೊಡ್ಡ ಮೂರ್ತಿಯ ನಿರ್ಮಾಣಕ್ಕೆ ಕಾರಣನಾದವನ ನೆರಳಿನಲ್ಲಿ ಬೆಳೆದ ಕವಿ, ಅಂಗೈಯಲ್ಲಿ ಹಿಡಿಯಬಹುದಾದ ಬಿಂಬಗಳನ್ನು ಹಂಚಿದ ಮಹಿಳೆಯೊಬ್ಬಳ ಚರಿತ್ರೆಯನ್ನು ಮುಂದೆ ಬರೆಯಬೇಕಾಯಿತು ಎಂಬುದು ಗಮನಾರ್ಹ.

973ರಲ್ಲಿ ರಾಷ್ಟ್ರಕೂಟರ ಪ್ರಭುತ್ವ ಅಳಿದು ಇಮ್ಮಡಿ ತೈಲಪನಿಂದ ಕಲ್ಯಾಣ ಚಾಲುಕ್ಯರ ಆಳ್ವಿಕೆ ಆರಂಭವಾಯಿತು. ಗಂಗರ ಪ್ರಾಬಲ್ಯ ಕುಗ್ಗುತ್ತ ಬಂದಂತೆ ರನ್ನನು ತನ್ನ ಹುಟ್ಟುನಾಡಿನ ಒಡೆಯರಾದ ಚಾಲುಕ್ಯರ ಆಸ್ಥಾನವನ್ನು ಸೇರಿದನು. ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದು ದೊರೆಯಿತು. ತೈಲಪನ ಮಗ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರಚಿಸಿದ ಸಾಹಸಭೀಮವಿಜಯವೇ ಗದಾಯುದ್ಧ. ಅದರ ಕಾಲನಿರ್ಣಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ; 982ರ ಸುಮಾರು ಎಂಬುದು ಒಂದು ಪ್ರಬಲವಾದ ಅಭಿಪ್ರಾಯ. ಅದೇನೇ ಇರಲಿ, ಅರಸನ ತೋಳ್ಬಲವನ್ನು ಕೊಂಡಾಡುವ ಹೊಣೆ ಆಸ್ಥಾನಕವಿಗೆ ಇತ್ತು. ಆ ತೋಳ್ಬಲಕ್ಕೆ ತೆತ್ತ ಬೆಲೆಯ ಕಥೆಯನ್ನು ಅವನು ಬೇರೊಂದು ಕಾವ್ಯದಲ್ಲಿ ಹೇಳಬೇಕಾಗಿ ಬಂದಿತು.

ಆ ಕಥೆ ಅತ್ತಿಮಬ್ಬೆಯ ಮನೆತನದ್ದು. ವೆಂಗಿಮಂಡಲದ ಕಮ್ಮೆನಾಡಿನ ಪುಂಗನೂರಿನ ನಾಗಮಯ್ಯನಿಗೆ ಮಲ್ಲಪಯ್ಯ, ಪುನ್ನಮಯ್ಯರೆಂಬ ಇಬ್ಬರು ಮಕ್ಕಳು. ತಮ್ಮ ಗುರು ಜಿನಚಂದ್ರರ ನೆನಪಿಗಾಗಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಈ ಸಹೋದರರೇ. ಮಲ್ಲಪಯ್ಯನ ಮಕ್ಕಳಲ್ಲಿ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಎಂಬ ಅಕ್ಕತಂಗಿಯರನ್ನು ಚಾಲುಕ್ಯ ಮಹಾಮಾತ್ಯ ದಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ವಿವಾಹ ಮಾಡಲಾಯಿತು. ನಾಗದೇವನು ತೈಲಪನ ಪಕ್ಷದಲ್ಲಿ ಹೋರಾಡಿ ಮಡಿದನು. ತಂಗಿ ಗುಂಡಮಬ್ಬೆ ಗಂಡನೊಡನೆ ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆ ಉಳಿದು, ಮಗ ಅಣ್ಣಿಗದೇವನನ್ನು ಬೆಳೆಸುತ್ತ ವ್ರತನಿಯಮಗಳ ಜೀವನವನ್ನು ಕೈಕೊಂಡಳು. ಒಂದೇ ಸಾವಿನ ಮುಂದೆ ಇಬ್ಬರು ಹೆಂಗಸರು ಎರಡು ದಾರಿಗಳನ್ನು ಹಿಡಿದರು. ರನ್ನನ ಕಾವ್ಯ ಎರಡನ್ನೂ ದಾಖಲಿಸುತ್ತದೆ. ಆದರೆ ಕಾವ್ಯದ ಗೌರವದ ಭಾರವೆಲ್ಲ ಬದುಕಿ ಉಳಿದು ದಾನಧರ್ಮಗಳಿಂದ ದಿನಗಳನ್ನು ತುಂಬಿದವಳ ಕಡೆಗೆ ವಾಲುತ್ತದೆ. ಸಹಗಮನವನ್ನು ಶಾಸನಗಳು ಕೊಂಡಾಡುತ್ತಿದ್ದ ಯುಗದಲ್ಲಿ ಈ ಒಲವು ಕಡಿಮೆ ಅರ್ಥದ್ದಲ್ಲ.

ಅತ್ತಿಮಬ್ಬೆಯ ದಾನಗಳಲ್ಲಿ ಎರಡು ಸಾಹಿತ್ಯ ಚರಿತ್ರೆಯಲ್ಲಿ ವಿಶೇಷವಾಗಿ ಪ್ರಸಿದ್ಧವಾಗಿವೆ. ಚಿನ್ನ ಮತ್ತು ರತ್ನಗಳಿಂದ 1500 ಜಿನಪ್ರತಿಮೆಗಳನ್ನು ಮಾಡಿಸಿ ಕೊಟ್ಟದ್ದು ಒಂದು. ತನ್ನ ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದ್ದು ಇನ್ನೊಂದು. ಮುದ್ರಣವಿಲ್ಲದ ಕಾಲದಲ್ಲಿ ಇಡೀ ಚಂಪೂಕಾವ್ಯವೊಂದನ್ನು ಓಲೆಗರಿಗಳ ಮೇಲೆ ಸಾವಿರ ಸಲ ಬರೆಯಿಸುವುದಕ್ಕೆ ಬೇಕಾದ ಲಿಪಿಕಾರರ ಶ್ರಮ, ಕಾಲ ಮತ್ತು ಹಣವನ್ನು ಊಹಿಸಿದರೆ ಈ ಕಾರ್ಯದ ಗಾತ್ರ ತಿಳಿಯುತ್ತದೆ. ಈ ಎರಡು ದಾನಗಳನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿ ಹೊಗಳಲಾಗುತ್ತದೆ. ಒಂದನ್ನು ಧಾರ್ಮಿಕ ಸೇವೆಯೆಂದೂ ಇನ್ನೊಂದನ್ನು ಸಾಹಿತ್ಯ ಸೇವೆಯೆಂದೂ ವಿಂಗಡಿಸುವುದು ರೂಢಿ. ಜೈನ ಗೃಹಸ್ಥನ ನಿತ್ಯಜೀವನದ ದೃಷ್ಟಿಯಿಂದ ನೋಡಿದಾಗ ಇವೆರಡೂ ಒಂದೇ ಉದ್ದೇಶದ ಎರಡು ಅಂಗಗಳಾಗಿ ಕಾಣುತ್ತವೆ.

ಶ್ರಾವಕನು ಪ್ರತಿನಿತ್ಯ ನಡೆಸಬೇಕಾದ ಷಟ್ಕರ್ಮಗಳು ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು ಮತ್ತು ದಾನ. ಇವುಗಳಲ್ಲಿ ಮೊದಲನೆಯದಕ್ಕೆ ಬಿಂಬ ಬೇಕು, ಮೂರನೆಯದಕ್ಕೆ ಗ್ರಂಥ ಬೇಕು. ಬಸದಿ ಹತ್ತಿರವಿಲ್ಲದವರಿಗೂ ಮನೆಯ ಒಂದು ಶುಚಿಯಾದ ಎಡೆಯಲ್ಲಿ ಪೀಠವಿಟ್ಟು ಜಿನಬಿಂಬವನ್ನು ನೆಲೆಗೊಳಿಸಿದರೆ ಅದೇ ಗೃಹಚೈತ್ಯಾಲಯ. ಅಭಿಷೇಕದ ನಂತರ ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲ ಎಂಬ ಅಷ್ಟದ್ರವ್ಯಗಳಿಂದ ಅರ್ಚನೆ ನಡೆಯುತ್ತದೆ. ಈ ದ್ರವ್ಯಗಳನ್ನು ಜಿನನು ಸ್ವೀಕರಿಸಿ ವರ ಕೊಡುತ್ತಾನೆಂಬ ಭಾವನೆ ಸಿದ್ಧಾಂತದಲ್ಲಿ ಇಲ್ಲ. ಜಿನನು ರಾಗದ್ವೇಷಗಳನ್ನು ಕಳೆದವನು; ಒಲಿಯುವವನೂ ಅಲ್ಲ, ಮುನಿಯುವವನೂ ಅಲ್ಲ. ಅರ್ಪಣೆಯ ಫಲ ಅರ್ಪಿಸುವವನ ಭಾವಶುದ್ಧಿಯಲ್ಲಿದೆ. ಜಲ ಜನ್ಮಜರಾಮರಣಗಳ ನಿವಾರಣೆಯನ್ನು, ಗಂಧ ಸಂಸಾರತಾಪದ ಶಮನವನ್ನು, ಅಕ್ಷತೆ ಅಕ್ಷಯವಾದ ಪದವಿಯನ್ನು, ದೀಪ ಮೋಹವೆಂಬ ಕತ್ತಲೆಯ ನಾಶವನ್ನು, ಧೂಪ ಕರ್ಮಗಳ ದಹನವನ್ನು ನೆನಪಿಗೆ ತರುತ್ತವೆ. ಪೂಜೆ ಎಂದರೆ ಗುಣಸ್ಮರಣೆ. ಸ್ಮರಿಸಿದ ಗುಣವನ್ನು ಸಾಧ್ಯವಾದಷ್ಟು ತನ್ನದಾಗಿಸಿಕೊಳ್ಳುವುದೇ ಅದರ ಗುರಿ.

ಗೃಹಪೂಜೆ ಜಗತ್ತಿನ ಹಲವು ಸಂಸ್ಕೃತಿಗಳಲ್ಲಿ ಕಂಡುಬರುತ್ತದೆ. ಪ್ರಾಚೀನ ರೋಮಿನ ಮನೆಗಳಲ್ಲಿ ಲಾರೆಸ್ ಎಂಬ ಗೃಹದೇವತೆಗಳಿಗೆ ಗೂಡುಗಳಿದ್ದವು. ಕುಟುಂಬದ ಯೋಗಕ್ಷೇಮ ಆ ದೇವತೆಗಳ ರಕ್ಷಣೆಯಲ್ಲಿತ್ತು. ಕ್ರೈಸ್ತಪೂರ್ವ ದೇವತಾರಾಧನೆಯನ್ನು ಇಂದು ಪುನಃ ಆಚರಣೆಗೆ ತಂದಿರುವ ಪಾಶ್ಚಾತ್ಯ ಪಂಥಗಳೂ ಮನೆಯ ಪೂಜಾಪೀಠಕ್ಕೆ ಪ್ರಾಶಸ್ತ್ಯ ಕೊಡುತ್ತವೆ, ಮತ್ತು ಅವುಗಳಲ್ಲಿ ಕೆಲವು ಧೈರ್ಯ, ಸತ್ಯ, ಆತಿಥ್ಯ ಮೊದಲಾದ ಗುಣಗಳ ಅಭ್ಯಾಸವನ್ನೂ ಅದರೊಂದಿಗೆ ಜೋಡಿಸುತ್ತವೆ. ಜೈನ ಗೃಹಪೂಜೆಯ ವೈಶಿಷ್ಟ್ಯವೆಂದರೆ, ರಕ್ಷಣೆಯ ಬೇಡಿಕೆಯನ್ನು ತತ್ತ್ವತಃ ಹಿಂದಕ್ಕೆ ಸರಿಸಿ ಗುಣಾಭ್ಯಾಸವನ್ನೇ ಪೂಜೆಯ ತಿರುಳಾಗಿಸಿದ್ದು. ಬಿಂಬದ ಪಕ್ಕದಲ್ಲಿ ಪುರಾಣಗ್ರಂಥ ಇರಬೇಕಾದದ್ದು ಈ ಕಾರಣದಿಂದಲೇ. ಬಿಂಬವು ಗುಣವನ್ನು ಸಿದ್ಧಿಸಿಕೊಂಡ ಸ್ಥಿತಿಯನ್ನು ತೋರಿಸುತ್ತದೆ. ಆ ಸ್ಥಿತಿಗೆ ಜೀವವೊಂದು ಹೇಗೆ ಏರಿತು, ಎಲ್ಲೆಲ್ಲಿ ಎಡವಿತು ಎಂಬುದನ್ನು ಪುರಾಣ ಹೇಳುತ್ತದೆ.

ಈ ಹಿನ್ನೆಲೆಯಲ್ಲಿಯೇ ಅತ್ತಿಮಬ್ಬೆ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ಎರಡನೆಯ ತೀರ್ಥಂಕರನಾದ ಅಜಿತನಾಥನ ಚರಿತ್ರೆಗೆ ಹನ್ನೆರಡು ಆಶ್ವಾಸಗಳು. ಉಳಿದ ಪುರಾಣಗಳಂತೆ ಹಲವು ಭವಗಳ ಜಟಿಲ ಕಥನ ಇಲ್ಲಿಲ್ಲ. ವಿಮಲವಾಹನನೆಂಬ ಅರಸನ ಒಂದೇ ಪೂರ್ವಭವ ಬರುತ್ತದೆ. ತೀರ್ಥಂಕರನ ಕಥೆಯೊಡನೆ ಸಗರ ಚಕ್ರವರ್ತಿಯ ಕಥೆಯೂ ಸೇರಿದೆ. ಭೂಮಂಡಲವನ್ನೇ ಗೆದ್ದ ಸಗರನಿಗೆ ಅರುವತ್ತು ಸಾವಿರ ಮಕ್ಕಳ ಮರಣವಾರ್ತೆ ಬಂದಾಗ, ಸೈನ್ಯವಾಗಲಿ ನಿಧಿಗಳಾಗಲಿ ಅವನ ನೆರವಿಗೆ ಬರುವುದಿಲ್ಲ. ಮೃತ್ಯುವಿನ ಮುಂದೆ ಚಕ್ರವರ್ತಿಯೂ ನಿರಾಶ್ರಿತನೆಂಬ ಅರಿವು ಅವನನ್ನು ವೈರಾಗ್ಯಕ್ಕೆ ಒಯ್ಯುತ್ತದೆ. ಯುದ್ಧದಲ್ಲಿ ಗಂಡನನ್ನೂ ಚಿತೆಯಲ್ಲಿ ತಂಗಿಯನ್ನೂ ಕಳೆದುಕೊಂಡ ಆಶ್ರಯದಾತೆಗೆ ಈ ಭಾಗ ಕೇವಲ ಪುರಾಣಕಥೆಯಾಗಿ ಕೇಳಿಸಿರಲಾರದು. ಗದಾಯುದ್ಧದಲ್ಲಿ ಮಕ್ಕಳನ್ನೂ ತಮ್ಮಂದಿರನ್ನೂ ಕಳೆದುಕೊಂಡ ದುರ್ಯೋಧನನ ದುಃಖ ಛಲವಾಗಿ ಉರಿದರೆ, ಅಜಿತಪುರಾಣದಲ್ಲಿ ಸಗರನ ದುಃಖ ಅರಿವಾಗಿ ತಣಿಯುತ್ತದೆ. ಒಬ್ಬನೇ ಕವಿ ದುಃಖದ ಈ ಎರಡು ಪರಿಣಾಮಗಳನ್ನೂ ಸಮಾನವಾದ ಶಕ್ತಿಯಿಂದ ಕಂಡವನು.

ಅಜಿತಪುರಾಣದ ಇನ್ನೊಂದು ವಿಶೇಷವೆಂದರೆ ಅದು ಬದುಕಿದ್ದ ವ್ಯಕ್ತಿಯ ಗುಣಚರಿತ್ರೆಯನ್ನೂ ಒಳಗೊಂಡಿರುವುದು. ಅತ್ತಿಮಬ್ಬೆಯ ವಂಶ, ಶೀಲ ಮತ್ತು ದಾನಗಳಿಗೆ ರನ್ನನು ಕಾವ್ಯದಲ್ಲಿ ಉದಾರವಾದ ಸ್ಥಾನ ಕೊಟ್ಟಿದ್ದಾನೆ. ಆಶ್ರಯದಾತರ ಸ್ತುತಿ ಚಂಪೂ ಸಂಪ್ರದಾಯದ ಒಂದು ಅಂಗವೇ. ಆದರೆ ಇಲ್ಲಿ ಸ್ತುತಿಗೆ ಪಾತ್ರಳಾದವಳು ಅರಸಿಯಲ್ಲ, ಅವಳನ್ನು ಅಳೆಯುವ ಮಾನದಂಡ ಶೌರ್ಯವಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನವೂ ವ್ರತನಿಷ್ಠೆಯೂ ಇಲ್ಲಿ ಮಾನದಂಡ. ದಾನಚಿಂತಾಮಣಿ ಎಂಬ ಬಿರುದು ಈ ಅಳತೆಗೆ ಸಂದ ಹೆಸರು.

ರನ್ನನ ಸ್ವಂತ ಮನೆಯಲ್ಲಿ ಈ ಗುಣಸ್ಮರಣೆ ಹೇಗೆ ನಡೆಯಿತೆಂಬುದಕ್ಕೆ ಒಂದು ಸಣ್ಣ ಆದರೆ ಖಚಿತವಾದ ಸುಳಿವು ಉಳಿದಿದೆ. ಜಕ್ಕಿ ಮತ್ತು ಶಾಂತಿ ಎಂಬ ಇಬ್ಬರು ಪತ್ನಿಯರಿದ್ದ ಈ ಕವಿ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಒಬ್ಬನು ಚಾವುಂಡರಾಯನ ನೆನಪು, ಇನ್ನೊಬ್ಬಳು ದಾನಚಿಂತಾಮಣಿಯ ನೆನಪು. ತನಗೆ ಬಿರುದು ಕೊಟ್ಟ ಚಕ್ರವರ್ತಿಯ ಹೆಸರನ್ನು ಅವನು ಮಕ್ಕಳಿಗೆ ಇಡಲಿಲ್ಲ. ಆಸ್ಥಾನದಲ್ಲಿ ಸಾಹಸಭೀಮನನ್ನು ಹೊಗಳಿದ ಕವಿ ಮನೆಯೊಳಗೆ ದಿನವೂ ಕರೆಯಲು ಆಯ್ದುಕೊಂಡ ಹೆಸರುಗಳು ಇವು. ಇದನ್ನು ಉಪಕಾರಸ್ಮರಣೆಯೆಂದು ಮಾತ್ರ ತಿಳಿದರೆ ಸಾಲದು. ಯಾರ ಗುಣವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಕು ಎಂಬ ನಿರ್ಧಾರವೂ ಈ ಹೆಸರಿಡುವಿಕೆಯಲ್ಲಿ ಅಡಗಿದೆ.

1007ರಲ್ಲಿ ಸತ್ಯಾಶ್ರಯನ ಆಳ್ವಿಕೆಯಲ್ಲಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿ ಇಂದಿಗೂ ಬ್ರಹ್ಮಜಿನಾಲಯವೆಂಬ ಹೆಸರಿನಿಂದ ನಿಂತಿದೆ. ಅಲ್ಲಿಯ ಶಾಸನ ಅವಳ ಮಹಿಮೆಗಳನ್ನು ವಿಸ್ತಾರವಾಗಿ ಹೇಳುತ್ತದೆ. ಕರ್ನಾಟಕ ಸರ್ಕಾರ ಅವಳ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿದೆ. ರನ್ನನ ಹುಟ್ಟೂರಾದ ಮುಧೋಳದಲ್ಲಿ ರನ್ನ ವೈಭವವೆಂಬ ಉತ್ಸವ ನಡೆದುಬಂದಿದೆ. ಅದೇ ತಾಲ್ಲೂಕಿನ ಬೆಳಗಲಿ ಈಗ ರನ್ನ ಬೆಳಗಲಿಯೆಂದೇ ಪ್ರಸಿದ್ಧ. ಈ ಉತ್ಸವಗಳಲ್ಲಿ ಮೆರೆಯುವುದು ಹೆಚ್ಚಾಗಿ ಗದೆ ಹಿಡಿದ ಭೀಮನ ಕವಿ.

ಕಲ್ಲಿನ ಬಸದಿ ಉಳಿಯಿತು, ಶಾಸನ ಉಳಿಯಿತು. ಅತ್ತಿಮಬ್ಬೆ ಹಂಚಿದ ಚಿನ್ನದ ಬಿಂಬಗಳೂ ಓಲೆಯ ಪ್ರತಿಗಳೂ ಮನೆಮನೆಗಳಲ್ಲಿ ಚದುರಿ ಕಾಲದ ಪಾಲಾದವು. ಆದರೆ ಅವುಗಳ ಉದ್ದೇಶವೇ ಹಾಗಿತ್ತು. ಅವು ಪ್ರದರ್ಶನಕ್ಕಾಗಿ ಮಾಡಿದ ವಸ್ತುಗಳಲ್ಲ. ಬೆಳಗಿನ ಅಭಿಷೇಕಕ್ಕೆ, ಸಂಜೆಯ ಓದಿಗೆ, ಸವೆಯುವಷ್ಟು ಬಳಸುವುದಕ್ಕೆ ಕೊಟ್ಟವು. ಆ ಬಳಕೆಯ ನೆನಪನ್ನು ಸವೆಯದಂತೆ ಉಳಿಸಿದ್ದು ರನ್ನನ ಕಾವ್ಯ. ಬಳೆಗಾರರ ಮನೆಯಲ್ಲಿ ಹುಟ್ಟಿ, ಬೆಟ್ಟದೆತ್ತರದ ಮೂರ್ತಿಯ ಕಾಲಕ್ಕೆ ಸಾಕ್ಷಿಯಾಗಿ, ಚಕ್ರವರ್ತಿಗಳ ಮನ್ನಣೆ ಪಡೆದ ಈ ಕವಿ ಗುಣದ ನೆಲೆ ಎಲ್ಲಿದೆ ಎಂಬ ಪ್ರಶ್ನೆಗೆ ಕೊನೆಗೂ ಮನೆಯ ಕಡೆಗೇ ಕೈತೋರಿದನು. ಗದಾಯುದ್ಧದೊಡನೆ ಅಜಿತಪುರಾಣವನ್ನೂ ಇಟ್ಟು ಓದಿದಾಗ ಮಾತ್ರ ರನ್ನನ ಜೀವನ ಪೂರ್ಣವಾಗಿ ಕಾಣುತ್ತದೆ.